ಹರ್ತಿ ಅಜ್ಜನ ಕಣ್ಣು

ಹೇಳುವುದರಲ್ಲಿ ಲೋಪವಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಬರೆದ ವಾಕ್ಯವನ್ನು ಮೂರು ಸಲ ತಿದ್ದದಿದ್ದರೆ ನನಗೆ ಸಮಾಧಾನವಿಲ್ಲ. ನನ್ನ ಸೋದರಮಾವನವರಿಗೆ ಇಂಥ ಭಯವೇ ಇರಲಿಲ್ಲ. ಜಗತ್ತಿನ ಸಕಲ ಜ್ಞಾನವನ್ನೂ ಅವರು ಶಿರಹಟ್ಟಿಯ ಸುತ್ತಲಿನ ಮಂದಿಯ ಹೆಸರಿನಲ್ಲಿ ವಿಂಗಡಿಸಿಬಿಟ್ಟಿದ್ದರು!

ಶಿರಹಟ್ಟಿಯ ಒಂದು ಸಣ್ಣ ಗ್ರಂಥಾಲಯವನ್ನು ಮಾವ ಬಹಳ ವರ್ಷಗಳಿಂದ ನೋಡಿಕೊಳ್ಳುತ್ತಿದ್ದರು. ಅದರ ಪುಸ್ತಕಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ತಾತ್ಕಾಲಿಕ ಕೆಲಸ ನನಗೆ ಸಿಕ್ಕಿತು. ಪುಸ್ತಕಗಳ ವಿವರ ಬರೆದಿಟ್ಟ ಅವರ ಕಾರ್ಡುಗಳ ಪೆಟ್ಟಿಗೆ ತೆರೆದೆ. ಕಣ್ಣಿನ ಪೊರೆಯ ಬಗ್ಗೆ ನಾಲ್ಕು ಪುಸ್ತಕ. ವಿಷಯದ ಜಾಗದಲ್ಲಿ ಒಂದಕ್ಕೆ ‘ನೇತ್ರರೋಗ’, ಇನ್ನೊಂದಕ್ಕೆ ‘ಮೋತಿಬಿಂದು’, ಉಳಿದೆರಡಕ್ಕೆ ‘ಹರ್ತಿ ಅಜ್ಜನ ಕಣ್ಣು’! ಆಡು ಸಾಕಣೆ ಎಲ್ಲಿ? ‘ಬಿಂಕದಕಟ್ಟಿ ಅಳಿಯ’ನಲ್ಲಿ. ಆಸ್ತಿ ಪಾಲಿನ ಕಾನೂನು? ‘ಮಾತು ಬಿಟ್ಟ ಅಣ್ಣತಮ್ಮರು’! ಹರ್ತಿ, ಬಿಂಕದಕಟ್ಟಿ ಸುತ್ತಲಿನ ಹಳ್ಳಿಗಳು; ಇವರೆಲ್ಲ ಆಯಾ ಪುಸ್ತಕ ಕೇಳಿಕೊಂಡು ಬಂದವರು.

“ಮಾವಾ, ಒಂದು ವಿಷಯಕ್ಕ ಒಂದ ಹೆಸರು ಇರಬೇಕ್ರಿ. ಇಲ್ಲಂದ್ರ ಹುಡುಕಿದವರಿಗೆ ಅರ್ಧಾ ಪುಸ್ತಕ ಸಿಗೂದಿಲ್ಲ.”

“ನಿಮ್ಮವ್ವ ನಿನ್ನ ಚಿನ್ನಿ ಅಂತಾಳ, ರೇಶನ್ ಕಾರ್ಡಿನ್ಯಾಗ ಬ್ಯಾರೆ ಐತಿ. ಎರಡಕ್ಕೂ ನೀ ಓ ಅಂತಿ ಇಲ್ಲೋ?”

“ನಾ ಮನಷ್ಯಾಳ್ರಿ, ಕಂಪ್ಯೂಟರ್ ಅಲ್ಲ!”

“ಹೆಸರು ನೋಡಿದ್ರ ಮಾರಿ ನೆನಪಾಗತೈತಿ ಯವ್ವಾ, ಮಾರಿ ನೆನಪಾದ್ರ ಕಪಾಟ ನೆನಪಾಗತೈತಿ. ಅಷ್ಟ.”

ಅಷ್ಟೇ ಎಂದು ನಾನೂ ತಿಳಿದೆ. ಇಲಾಖೆಯ ತಪಾಸಣೆ ಹತ್ತಿರ ಬಂದಿತ್ತು. ಪಟ್ಟಿ ಸರಿಯಿದ್ದರೆ ಮಾತ್ರ ನನ್ನ ಕೆಲಸ ಉಳಿಯುತ್ತಿತ್ತು. ವಿಷಯಕ್ಕೊಂದೇ ಹೆಸರು ಎಂದು ಇಲಾಖೆ ಗೊತ್ತುಮಾಡಿದ ಮಾನ್ಯ ಪದಗಳ ಪಟ್ಟಿ ಹಿಡಿದು, ಒಂದೇ ಮಧ್ಯಾಹ್ನದಲ್ಲಿ ಅವರ ಹೆಸರುಗಳನ್ನೆಲ್ಲ ಅಳಿಸಿದೆ. ಪುಸ್ತಕಗಳನ್ನು ಹೊಸ ಕ್ರಮದಲ್ಲಿ ಜೋಡಿಸಿ, ಕಾರ್ಡುಗಳನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದೆ. ಅಧಿಕಾರಿಗಳು ಮೆಚ್ಚಿದರು!

ಮರುದಿನ ಖುದ್ದು ಹರ್ತಿ ಅಜ್ಜನೇ ಬಂದು ಕಣ್ಣಿನ ಪುಸ್ತಕ ಕೇಳಿದ. ಮಾವ ಎರಡು ಸಲ ಕಪಾಟುಗಳ ನಡುವೆ ಹೋಗಿ ಬರಿಗೈಯಲ್ಲಿ ಮರಳಿದರು.

“ಏನ ಬೇಕಾಗಿತ್ತಜ್ಜಾ?” ಎಂದು ಮತ್ತೆ ಕೇಳಿದರು.

“ಮೂರನೇ ಸಲ ಕೇಳಾಕತ್ತೀಯಲ್ಲೋ ಮಾರಾಯಾ! ಕಣ್ಣು ಹೋಗಿದ್ದು ನಂದು, ನಿಂದೇನು ಹೋಗೇತಿ?”

ನಾನೂ ನಕ್ಕೆ. ಮಾವ ನಗಲಿಲ್ಲ. ಸುತ್ತಲೂ ನೋಡಿ, “ಇದು ಯಾರ ಲೈಬ್ರರಿ, ಯವ್ವಾ?” ಎಂದರು.

ಅಂದು ಸಂಜೆ ಚೀಲ ಇಳಿಸಿ ಒಂದೊಂದೇ ಕಾರ್ಡು ಓದಿದೆ. ಓದದೆಯೇ ನಾನು ‘ಆರೋಗ್ಯ’ಕ್ಕೆ ಸೇರಿಸಿದ್ದ ಒಂದು ವಿಷಯವಿತ್ತು: ‘ಅಕ್ಕಗ ಹೇಳಬ್ಯಾಡ್ರಿ’. ಅಕ್ಕ ಎಂದರೆ ನನ್ನ ಅವ್ವ. ಅದರಡಿ ಮೂರು ಪುಸ್ತಕ. ಮೂರೂ ಮರೆವಿನ ಕಾಯಿಲೆಯವು. ಕಾರ್ಡಿನ ಶಾಯಿ ಆಗಲೇ ಮಾಸಿತ್ತು; ಮಾವ ಅದನ್ನು ಬರೆದು ವರ್ಷಗಳೇ ಆಗಿದ್ದವು.

ಈಗ ಕಂಪ್ಯೂಟರಿನಲ್ಲಿ ಮಾನ್ಯ ಪದವೊಂದೊಂದರ ಬೆನ್ನಿಗೂ ಮಾವ ಇಟ್ಟ ಹೆಸರುಗಳನ್ನು ಕಟ್ಟಿದ್ದೇನೆ. ‘ಹರ್ತಿ ಅಜ್ಜನ ಕಣ್ಣು’ ಎಂದು ಹುಡುಕಿದರೂ ನಾಲ್ಕೂ ಪುಸ್ತಕ ಬರುತ್ತವೆ. ಒಂದು ಹೆಸರನ್ನು ಮಾತ್ರ ಸೇರಿಸಲಿಲ್ಲ. ಅವ್ವನಿಗೆ ನಾನೇ ಹೇಳಿದೆ.

ಮಾವ ಕೆಲಸ ಬಿಟ್ಟು ನಮ್ಮ ಮನೆಯಲ್ಲಿದ್ದಾರೆ. ಅವರನ್ನು ನೋಡಿಕೊಳ್ಳಲು ಅವ್ವ ಹೊಲದ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿದ್ದಾಳೆ. ಮೂವರೂ ನನ್ನ ಸಂಬಳದಲ್ಲೇ ಬದುಕುತ್ತಿದ್ದೇವೆ. ಮಾವ ನನ್ನನ್ನು ದಿನಕ್ಕೊಂದು ಹೆಸರಿನಿಂದ ಕರೆಯುತ್ತಾರೆ; ಎಲ್ಲಕ್ಕೂ ನಾನು ಓ ಎನ್ನುತ್ತೇನೆ.