ಎಣ್ಣೆ ಕರಗಿಸೋ ಪುಡಿ

ಪಾಂಡವಪುರದಲ್ಲಿ ಮೆಡಿಕಲ್ ಶಾಪು ಇಟ್ಟವನು ನಗೋಕೆ ಬೇರೆಲ್ಲೂ ಹೋಗಬೇಕಿಲ್ಲ. ಗಿರಾಕಿಗಳೇ ಬಂದು ನಗಿಸಿ, ಮಾತ್ರೆ ತಗೊಂಡು ಹೋಗ್ತಾರೆ.

೧. ಜೋಳದ ಮಹಿಮೆ

ಅವತ್ತು ಸೋಮವಾರ. ಕಂಪನಿಯವನೊಬ್ಬ ಮುಸುಕಿನ ಜೋಳದಿಂದ ತೆಗೆದ ಪೆಪ್ಟೈಡ್ ಪುಡಿ ಕೊಟ್ಟು ಹೋದ. ಪೆಪ್ಟೈಡ್ ಅಂದ್ರೆ ಪ್ರೋಟೀನಿನ ಸಣ್ಣ ಚೂರು. ಕುಡಿಯೋಕೆ ಮುಂಚೆ ತಗೊಂಡ್ರೆ ಮದ್ಯವನ್ನ ಮೈ ಬೇಗ ಅರಗಿಸಿಕೊಳ್ಳುತ್ತಂತೆ. ಅಷ್ಟರಲ್ಲಿ ಅಂಗಡಿಗೆ ಬಂದ ನಮ್ಮ ಬಡಗಿ ಆಚಾರ್ರಿಗೆ ಇಷ್ಟೆಲ್ಲ ಬಿಡಿಸಿ ಹೇಳೋ ತಾಳ್ಮೆ ನನಗೆಲ್ಲಿ? "ಎಣ್ಣೆ ಕರಗಿಸೋ ಪುಡಿ ಕಣಪ್ಪಾ" ಅಂದೆ.

ನನ್ನ ಸ್ವಾರ್ಥವೂ ಇತ್ತು. ಶುಕ್ರವಾರ ಮೊಮ್ಮಗಳ ನಾಮಕರಣ, ತೊಟ್ಟಿಲು ಮಾಡೋ ಕೆಲಸ ಇವರ ಕೈಲಿತ್ತು. ಸಂಜೆ ಎರಡು ಪೆಗ್ಗು ಬಿದ್ರೆ ಮಾರನೇ ದಿನ ಕೈ ನಡುಕ. ಹೋದ ವರ್ಷ ಹಾಗೇ ಮಾಡಿಕೊಟ್ಟ ಸ್ಟೂಲು ನಮ್ಮನೇಲಿ ಈಗಲೂ ತಾನಾಗೇ ತೂಗ್ತದೆ.

"ಅಂಗಾದ್ರೆ ಎರಡರ ಬದ್ಲು ನಾಕು ಆಕ್ಬೋದಾ ಅಣ್ಣೋ?" ಅಂದ್ರು.

"ತೊಟ್ಟಿಲು ಮುಗಿಯೋವರ್ಗೂ ಒಂದೂ ಬೇಡ!" ಅಂತ ಕೂಗಿದೆ. ಅಷ್ಟೊತ್ತಿಗೆ ಡಬ್ಬಿ ಸಮೇತ ರಸ್ತೆ ದಾಟಿದ್ರು.

೨. ಬಾಣಲೆ

ಮಧ್ಯಾಹ್ನ ಆಚಾರ್ರ ಹೆಂಡ್ತಿ ಖಾಲಿ ಡಬ್ಬಿ ಹಿಡಿದು ಬಂದ್ರು.

"ಏನಣ್ಣೋ ಇದು, ಮೋಸದ ಮಾಲು! ಎಣ್ಣೆ ಕರಗಿಸ್ತದೆ ಅಂತ ನಮ್ಮೋರು ತಂದಿಟ್ರು. ಕಜ್ಜಾಯ ಕರಿದ ಬಾಣಲೆಗೆ ಪೂರ್ತಿ ಸುರಿದು ಉಜ್ದೆ. ಜಿಡ್ಡೂ ಓಗ್ಲಿಲ್ಲ, ನೊರೇನೂ ಬರ್ಲಿಲ್ಲ!"

ನಗು ತಡ್ಕೊಂಡು, "ಆ ಎಣ್ಣೆ ಅಲ್ಲ ಕಣವ್ವಾ, ಸಂಜೆ ಎಣ್ಣೆ" ಅಂದೆ.

ಆಕೆ ಖಾಲಿ ಡಬ್ಬೀನ ಕೌಂಟರ್ ಮೇಲೆ ಕುಕ್ಕಿದ್ರು. "ಅಂಗಾದ್ರೆ ಬಾಣಲೆಗೆ ಆಕಿದ್ದೇ ಒಳ್ಳೇದಾಯ್ತು ಬುಡಿ!"

೩. ಬಾರದ ಸ್ಟಾಕು

ಸಂಜೆ ಆಚಾರ್ರು ಓಡಿ ಬಂದ್ರು. "ಪುಡಿ ಇಲ್ದೆ ಎಂಗಣ್ಣ ಕುಡಿಯೋದು? ಲಿವರ್ ಗತಿ ಏನು?"

ಇಪ್ಪತ್ತು ವರ್ಷ ಇಲ್ಲದ ಲಿವರ್ ಚಿಂತೆ! ಒಳಗೆ ಇನ್ನೂ ಎರಡು ಡಬ್ಬಿ ಇತ್ತು. ದೇವರೇ ಕ್ಷಮಿಸಪ್ಪಾ ಅಂದ್ಕೊಂಡು, "ಸ್ಟಾಕಿಲ್ಲ, ಶುಕ್ರವಾರ ಬರ್ತದೆ" ಅಂದೆ.

"ಸರಿ, ಅಲ್ಲೀಗಂಟ ಮುಟ್ಟಲ್ಲ" ಅಂತ ಹೋದ್ರು. ದಿನಾ ಬಂದು ಕೇಳೋರು, ದಿನಾ ನಾನು ಇಲ್ಲ ಅಂತ ತಲೆ ಆಡಿಸೋನು.

ಶುಕ್ರವಾರ ತೊಟ್ಟಿಲು ಬಂತು. ಎಂಥ ತೊಟ್ಟಿಲು ಅಂತೀರಿ! ಒಂದು ಕಡೆಯೂ ಓರೆ ಇಲ್ಲ, ಕೆತ್ತಿದ ಗಿಣಿಗಳ ಕೊಕ್ಕು ಕೂಡ ಚೂಪು. ಮಗು ಮಲಗಿಸಿದಾಗ ಕಣ್ಣು ತುಂಬಿ ಬಂತು. ನಾಮಕರಣಕ್ಕೆ ಬಂದಿದ್ದ ಆಚಾರ್ರ ಹೆಂಡ್ತಿಗೆ ಕೈ ಜೋಡಿಸಿ, "ತಾಯಿ, ನಿಮಗೂ ನಿಮ್ಮ ಬಾಣಲೆಗೂ ದೊಡ್ಡ ನಮಸ್ಕಾರ" ಅಂದೆ.

ಪಕ್ಕದಲ್ಲೇ ನಿಂತಿದ್ದ ಆಚಾರ್ರು ಎರಡೂ ಕೈ ಮುಂದಕ್ಕೆ ಚಾಚಿ ತೋರಿಸಿದ್ರು.

"ಏನ್ ಪುಡಿ ಅಣ್ಣೋ ಅದು! ಒಂದ್ ಚಿಟಿಕೆ ಬಾಯಿಗೆ ಬೀಳ್ಲಿಲ್ಲ, ಆಗ್ಲೇ ನಡುಕ ನಿಂತೋಯ್ತು!"