ಕಚ್ಚಿ ಕುಡಿದ ಕೆಂಪು ವೈನು

ಹೈಬ್ರಿಡ್ ಎಂದರೆ ನನಗೆ ಆಗುವುದಿಲ್ಲ. ಹೈಬ್ರಿಡ್ ಟೊಮೆಟೊ ಹಾಕಿದರೆ ಸಾರಿಗೆ ಬಣ್ಣ ಬರುತ್ತದೆ, ಹುಳಿ ಬರುವುದಿಲ್ಲ; ಮತ್ತೆ ಹುಣಸೆಹಣ್ಣು ಕಿವುಚಬೇಕು. ಫಾರಂ ಕೋಳಿಯ ಕಾಲನ್ನು ಹಲ್ಲಿಲ್ಲದವರೂ ತಿನ್ನಬಹುದು. ಅದೂ ಒಂದು ಕೋಳಿಯೇ? ನನಗಿರುವ ಅಕ್ಷರ ಬಸ್ಸಿನ ಬೋರ್ಡು ಓದುವಷ್ಟು. ಆದರೆ ರುಚಿಯ ವಿಷಯದಲ್ಲಿ ಯಾರ ಮಾತನ್ನೂ ಕೇಳುವವಳಲ್ಲ. ಬೆಸಗರಹಳ್ಳಿ ರಸ್ತೆಯ ಪಕ್ಕದ ಹೊಲ ನನ್ನ ಹೆಸರಿನಲ್ಲಿದೆ. ಅಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ರೇಷ್ಮೆಹುಳ ಸಾಕಿ ಸೊಂಟ ಬಿದ್ದುಹೋಗಿದೆ, ವೈನಿನ ದ್ರಾಕ್ಷಿ ಹಾಕೋಣ ಎಂದು ಸೊಸೆ ಸವಿತ ವರ್ಷದಿಂದ ಗೋಗರೆಯುತ್ತಿದ್ದಳು. ಎರಡು ಜಾತಿಯ ಬಳ್ಳಿ ಕೂಡಿಸಿದ ಹೈಬ್ರಿಡ್ ಅಂತೆ. ಬೇಡ ಎಂದಿದ್ದೆ.

ಕೊನೆಗೆ ಮಳವಳ್ಳಿ ಕಡೆ ಅದೇ ಬಳ್ಳಿ ಬೆಳೆಯುವ ಅವಳಣ್ಣನಿಂದ ಒಂದು ಬಾಟಲಿ ತಂದು ಜಗಲಿಯ ಮೇಲಿಟ್ಟಳು. ಅವನ ಹಣ್ಣು ಕೊಂಡವರು ಮಾಡಿಕೊಟ್ಟ ಕೆಂಪು ವೈನು.

“ಒಂದ್ಕಿತ ಕುಡ್ದು ನೋಡಿ ಅತ್ತೆ. ಚೆಂದಾಗಿಲ್ಲ ಅಂದ್ರೆ ಇನ್ಯಾವತ್ತೂ ಬಳ್ಳಿ ಸುದ್ದಿ ಎತ್ತಾಕಿಲ್ಲ.”

“ಎತ್ತಬಾರ್ದು ಕಣಮ್ಮಿ, ಮಾತು ಅಂದ್ರೆ ಮಾತು” ಎಂದೆ.

ಕುಡಿಯುವುದಕ್ಕೆ ನನಗೇನೂ ಭಯವಿಲ್ಲ. ಬಾಣಂತನದಲ್ಲಿ ನಮ್ಮವ್ವ ಬ್ರಾಂದಿ ಕುಡಿಸಿದ್ದಳು. ಸೀಮೆಎಣ್ಣೆ ಅದಕ್ಕಿಂತ ವಾಸಿ ಅನ್ನಿಸಿತ್ತು. ಆದರೆ ನಮ್ಮ ಮನೆಯಲ್ಲಿ ಲೋಟವನ್ನು ತುಟಿಗಿಟ್ಟು ಕಚ್ಚಿ ಕುಡಿಯುವಂತಿಲ್ಲ, ಎಂಜಲಾಗುತ್ತದೆ. ಏನಿದ್ದರೂ ಎತ್ತಿ ಹುಯ್ದುಕೊಳ್ಳಬೇಕು. ಈ ಕಾನೂನು ನನ್ನದೇ. ಹಾಗೆಯೇ ತಲೆ ಹಿಂದಕ್ಕೆ ಬಾಗಿಸಿ ವೈನನ್ನೂ ಬಾಯಿಗೆ ಬಿಟ್ಟುಕೊಂಡೆ. ಅರ್ಧ ಸೆರಗಿನ ಪಾಲಾಯಿತು, ಉಳಿದದ್ದು ನಾಲಿಗೆಯನ್ನು ಕೇಳದೆಯೇ ಹೊಟ್ಟೆಗಿಳಿಯಿತು.

“ಬರೀ ನೀರು ಕಣಮ್ಮಿ, ನಿನ್ ಹೈಬ್ರಿಡ್ಡು.”

ಸವಿತಳ ಮುಖ ಇಳಿದುಹೋಯಿತು. ಬಿರಡೆ ಹಾಕಹೋದವಳು ತಟ್ಟನೆ ತಿರುಗಿದಳು. “ಚೊಂಬಲ್ಲಿ ನೀರು ಹುಯ್ಕೊಂಡಂಗೆ ಹುಯ್ಕೊಂಡ್ರೆ ರುಚಿ ಎಲ್ಲಿ ಸಿಕ್ತದೆ? ಕಚ್ಚಿ ಕುಡೀರತ್ತೆ! ಬಾಯಲ್ಲಿ ಒಸಿ ಇಟ್ಕಳಿ, ಇಂಗೆ!” ಎಂದು ಅದೇ ಲೋಟಕ್ಕೆ ಇನ್ನಷ್ಟು ಸುರಿದು, ತಾನೇ ಒಂದು ಗುಟುಕು ಕಚ್ಚಿ ಕುಡಿದು ತೋರಿಸಿ ನನ್ನ ಕೈಗೆ ತುರುಕಿದಳು. ಅತ್ತೆಯ ಮುಂದೆ! ಸಿಟ್ಟಿನಲ್ಲೇ ತುಟಿಗಿಟ್ಟೆ.

ಮೊದಲು ಮೂಗಿಗೆ ನೇರಳೆಹಣ್ಣು ಬಂತು. ಆಮೇಲೆ ಹುಳಿ, ಟೊಮೆಟೊ ಮರೆತುಬಿಟ್ಟ ಹುಳಿ. ಅದರ ಹಿಂದೆ ಕುಟ್ಟಿದ ಮೆಣಸಿನ ಕಾಳು. ಕೊನೆಗೆ ಒಗರು, ನೇರಳೆಯ ಬೀಜ ಅಗಿದಂತೆ. ನುಂಗಿದ ಮೇಲೂ ಅದು ಹೋಗಲಿಲ್ಲ. ಬಂದ ನೆಂಟರು ಹೊರಟು ನಿಂತು ಬಾಗಿಲಲ್ಲೇ ಮಾತಾಡುವ ಹಾಗೆ ಬಾಯೊಳಗೇ ನಿಂತಿತ್ತು. ಇಷ್ಟು ಕಾಲ ಸಾರು, ಮುದ್ದೆ, ಜನ ಎಲ್ಲಕ್ಕೂ ತೀರ್ಪು ಕೊಟ್ಟ ನಾಲಿಗೆ ಇದು. ಇದರಲ್ಲಿ ಇಷ್ಟೊಂದು ಜಾಗ ಖಾಲಿ ಬಿದ್ದಿತ್ತೆಂದು ನನಗೇ ಗೊತ್ತಿರಲಿಲ್ಲ.

“ಎಂಗೈತೆ ಅತ್ತೆ?”

ಬಾಯಿ ಬಿಟ್ಟರೆ ರುಚಿ ಹೊರಟುಹೋದೀತೆಂದು ಹೊಲದ ಕಡೆ ಕೈ ತೋರಿಸಿದೆ.

“ನೆಡ್ಲಾ?”

ತಲೆಯಾಡಿಸಿದೆ. ಸವಿತ ಕಣ್ಣೊರೆಸಿಕೊಂಡಳು, ಒರೆಸಿದ ಕೈ ಒಣಗುವ ಮುಂಚೆಯೇ ಕಿಸಕ್ಕನೆ ನಕ್ಕಳು. “ಅದು ನನ್ ಎಂಜ್ಲು ಕಣತ್ತೆ!”

ಸರಿಯಾಗಿ ಬೈಯಬೇಕಿತ್ತು. ಆದರೆ ಅಷ್ಟರಲ್ಲಿ ಬಾಯಲ್ಲಿ ಇನ್ನೊಂದು ಗುಟುಕು ಇತ್ತು.