ಮಾವ ಬಡಿದು ನೋಡಿದ ಕೆಚ್ಚು

ನಮ್ಮ ಸೋದರಮಾವನಷ್ಟು ಪುಕ್ಕಲು ಮನುಷ್ಯ ಇಡೀ ಹಡಗಲಿ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ಧೈರ್ಯದ ಬಗ್ಗೆ ಊರಿಗೆಲ್ಲ ಉಪನ್ಯಾಸ ಕೊಡುವವನೂ ಅವನೇ!

“ಕೆಚ್ಚು ಅಂದ್ರ ಏನಲೇ ಅಳಿಯಾ?” ಎಂದು ಹಿರೇಹಡಗಲಿಯ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ. ಧೈರ್ಯ ಎನ್ನುತ್ತಿದ್ದೆ. ಅದು ಆಮೇಲೆ ಬಂದ ಅರ್ಥವಂತೆ. ಮೊದಲು ಅದು ಮರದ್ದು: ಹೊರಗಿನ ಬಿಳಿ ಭಾಗವನ್ನು ಹುಳು ತಿಂದರೂ ಒಳಗೆ ಉಳಿಯುವ ಗಟ್ಟಿ ತಿರುಳೇ ಕೆಚ್ಚು. ಎಳೆಯ ಗಿಡಕ್ಕೆ ಅದಿರುವುದಿಲ್ಲ, ವಯಸ್ಸಾದಂತೆ ಕೂಡುತ್ತದೆ. ಮನುಷ್ಯನ ಎದೆಯೊಳಗಿದ್ದರೆ ಕೆಚ್ಚೆದೆ. ವಿಶ್ವವಿದ್ಯಾಲಯದಲ್ಲಿ ಓದಿ ಎಲ್ಲವನ್ನೂ ಅನುಮಾನಿಸಲು ಕಲಿತ ನಾನು ನಿಘಂಟು ತೆಗೆದು ನೋಡಿದೆ. ಅಲ್ಲಿಯೂ ಹಾಗೆಯೇ ಇತ್ತು! ಈಗ ಅನುಮಾನ ನನ್ನ ನೆನಪಿನ ಮೇಲೆಯೇ: ಮೊದಲು ನಿಘಂಟು ನೋಡಿ ಮಾವನಿಗೆ ಹೇಳಿದವನು ನಾನೇ ಇರಬಹುದೇ?

ಕಂಡ ಕಟ್ಟಿಗೆಯನ್ನೆಲ್ಲ ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ತೀರ್ಪು ಕೊಡುವುದು ಅವನ ಚಟ. ನನಗೆ ಹೆಣ್ಣು ನೋಡಲು ಹಗರಿಬೊಮ್ಮನಹಳ್ಳಿಗೆ ಹೋದಾಗ, ಹುಡುಗಿ ಹೊರಗೆ ಬರುವ ಮೊದಲೇ ಅವರ ತಲೆಬಾಗಿಲನ್ನು ಬಡಿದ. “ಗಟ್ಟಿ ಐತಿ. ಸಂಬಂಧ ಆಗ್ಲಿ ಬಿಡ್ರಿ” ಎಂದ. ಆಯಿತು! ಅವತ್ತು ವರನನ್ನೂ ಒಮ್ಮೆ ಬಡಿದು ನೋಡಬೇಕಿತ್ತು ಎಂದು ಹೆಂಡತಿ ಈಗಲೂ ಹಳಹಳಿಸುತ್ತಾಳೆ.

ಇಂಥ ಮಾವನಿಗೆ ಸೂಜಿ ಕಂಡರೆ ಜೀವವೇ ಹೋಗುತ್ತದೆ. ಊರಿಗೆ ಲಸಿಕೆ ಹಾಕುವವರು ಬಂದ ದಿನ ಮೆಕ್ಕೆಜೋಳದ ಹೊಲ ಹೊಕ್ಕವನು ಹೊತ್ತು ಮುಳುಗಿದ ಮೇಲೆಯೇ ಹೊರಬಿದ್ದ. ನಿನ್ನ ಕೆಚ್ಚು ಎಲ್ಲಿ ಹೋಯಿತು ಎಂದು ಕೆಣಕಿದೆ. “ತೊಗಟಿಗೆ ಅಂಜಿಕಿ ಇರ್ತೈತಲೇ” ಎಂದ.

ಹೋದ ವರ್ಷ ಅವ್ವನಿಗೆ ತುರ್ತಾಗಿ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಅವಳ ಗುಂಪಿನ ರಕ್ತ ಸುಲಭಕ್ಕೆ ಸಿಗುವಂಥದ್ದಲ್ಲ. ನನ್ನದು ಹೊಂದಲಿಲ್ಲ. ರಕ್ತವಿಲ್ಲದೆ ಕೈ ಹಾಕುವುದಿಲ್ಲ, ಒಡಹುಟ್ಟಿದವರನ್ನು ಕರೆಸಿ ಎಂದರು ಡಾಕ್ಟರು. ಅವ್ವನ ಒಡಹುಟ್ಟಿದವನೆಂದರೆ ಮಾವನೊಬ್ಬನೇ! ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಫೋನೇ ಕಟ್ಟಾಯಿತು. ಮತ್ತೆ ಹೊಲ ಹೊಕ್ಕ ಎಂದುಕೊಂಡೆ.

ಮಧ್ಯಾಹ್ನದ ಬಸ್ಸಿಗೆ ಬಂದಿಳಿದ. ರಕ್ತ ಹೊಂದಿತು. ಮಲಗಿಸಿದರೆ ಕಬ್ಬಿಣದ ಮಂಚವೂ ಅವನ ಜೊತೆ ಗಡಗಡ ನಡುಗುತ್ತಿತ್ತು.

“ಹೆದರಿಕಿ ಆಗ್ತೈತೇನ್ರಿ?” ನರ್ಸ್ ಕೇಳಿದಳು.

“ಆಗ್ತೈತವ್ವಾ. ನೀ ಚುಚ್ಚು.”

ಮುಖವನ್ನು ಗೋಡೆಗೆ ತಿರುಗಿಸಿದ. ತೋಳು ಮಾತ್ರ ಕದಲಲಿಲ್ಲ.

ಅವ್ವ ಮನೆಗೆ ಬಂದ ದಿನ ಮಾವನೂ ಬಂದ. ಅಭ್ಯಾಸದಂತೆ ಬಾಗಿಲಿನತ್ತ ಕೈ ಎತ್ತಿದವನು, ಬಡಿಯದೆ ನೇರ ಒಳಗೆ ನಡೆದು, ಮಲಗಿದ್ದ ಅಕ್ಕನ ಭುಜವನ್ನು ಗೆಣ್ಣಿನಿಂದ ಮೆಲ್ಲಗೆ ಬಡಿದ. ಬಾಗಿ, ಬಹಳ ಹೊತ್ತು ಕಿವಿಗೊಟ್ಟ.

“ಗಟ್ಟಿ ಅದಾಳ” ಎಂದ.

ಅವ್ವ ಕಣ್ಣು ತೆರೆಯದೆಯೇ ಹೇಳಿದಳು: “ಒಳಗಿರೋದು ನಿಂದಲ್ಲೇನೋ ತಮ್ಮಾ.”